ತೆಂಕಣದ ಬೋರಿಯಸ್: ಗ್ರೀಕ್ ವಾಯುದೇವತೆಗಳು ಮತ್ತು ಆಸ್ಟ್ರೇಲಿಯಾದ ಎರಡು ನಗರಗಳು

ಹೆಸಿಯಡ್‌ನ 'ಥಿಯೊಗೊನಿ'ಯಲ್ಲಿ ಬೋರಿಯಸ್, ನೋಟಸ್, ಜೆಫಿರಸ್ ಮೂವರೂ ಆಸ್ಟ್ರಿಯಸ್ ಮತ್ತು ಉಷಾದೇವಿ ಇಯೋಸ್ ದಂಪತಿಯ ಮಕ್ಕಳು. ಬಡಗಣ ಗಾಳಿ, ತೆಂಕಣ ಗಾಳಿ, ಪಡುವಣ ಗಾಳಿ. ವಂಶಾವಳಿಯನ್ನು ವಿದ್ವಾಂಸರು ಸಾಕಷ್ಟು ಬಿಡಿಸಿ ನೋಡಿದ್ದಾರೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಈ ದೇವರುಗಳ ಸ್ವಭಾವ ದಿಕ್ಕಿನದೋ, ಆ ದಿಕ್ಕಿನಾಚೆಗಿನ ನೆಲ ನೀರಿನದೋ? ಇದನ್ನು ಒರೆಗೆ ಹಚ್ಚಲು ಭೂಮಧ್ಯರೇಖೆಯ ಆಚೆಗಿನ ಊರುಗಳೇ ಬೇಕು.

ಅಥೆನ್ಸಿನಲ್ಲಿ ಕಿರಸ್‌ನ ಆಂಡ್ರೊನಿಕಸ್ ಕಟ್ಟಿಸಿದ ಎಂಟು ಮುಖದ ಗಾಳಿಗೋಪುರದ ಮೇಲೆ ಗಡ್ಡಧಾರಿ ಬೋರಿಯಸ್ ದಪ್ಪ ಮೇಲುಹೊದಿಕೆ ಹೊದ್ದು ಶಂಖ ಹಿಡಿದಿದ್ದಾನೆ; ನೋಟಸ್ ಕೊಡ ಬಗ್ಗಿಸಿ ಮಳೆ ಸುರಿಸುತ್ತಿದ್ದಾನೆ. ಉಡುಗೆಯಲ್ಲೇ ಹವಾಮಾನ ಬರೆದಿದೆ. ಬೋರಿಯಸ್ ಅಥೆನ್ಸಿಗರಿಗೆ ಬರಿಯ ಚಳಿಗಾಳಿಯಲ್ಲ, ಅಳಿಯ ಕೂಡ: ರಾಜ ಎರೆಕ್ಥಿಯಸ್‌ನ ಮಗಳು ಒರಿಥೀಯಾಳನ್ನು ಹೊತ್ತೊಯ್ದವನು. ಕ್ರಿ.ಪೂ. 480ರಲ್ಲಿ ಪರ್ಷಿಯನ್ ನೌಕಾಪಡೆ ಬಿರುಗಾಳಿಗೆ ಸಿಕ್ಕಿ ಒಡೆದಾಗ ಅವರು ಈ ನಂಟಿನ ಹೆಸರಲ್ಲೇ ಅವನನ್ನು ಬೇಡಿಕೊಂಡಿದ್ದರೆಂದೂ, ಆಮೇಲೆ ಇಲಿಸಸ್ ಹೊಳೆಯ ದಡದಲ್ಲಿ ಗುಡಿ ಕಟ್ಟಿದರೆಂದೂ ಹೆರೊಡೊಟಸ್ ಹೇಳುತ್ತಾನೆ. ಮೆಥಾನಾದ ರೈತರ ಭಕ್ತಿ ಇನ್ನೂ ನೇರ. ದ್ರಾಕ್ಷಿಯ ಚಿಗುರನ್ನು ಸುಡುವ ನೈರುತ್ಯದ ಲಿಪ್ಸ್ ಗಾಳಿಯನ್ನು ತಡೆಯಲು ಇಬ್ಬರು ಬಿಳಿ ರೆಕ್ಕೆಯ ಹುಂಜವೊಂದನ್ನು ಸೀಳಿ, ಒಂದೊಂದು ಹೋಳು ಹಿಡಿದು ತೋಟದ ಸುತ್ತ ಎದುರು ಬದುರಾಗಿ ಓಡುತ್ತಿದ್ದುದನ್ನು ಪಾಸೇನಿಯಸ್ ದಾಖಲಿಸಿದ್ದಾನೆ. ಗಾಳಿಯ ಪೂಜೆ ಎಂದೂ ಊರಿನ ಗಡಿಯೊಳಗಿನದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಈ ಗಡಿಯನ್ನು ತರ್ಕದಿಂದ ದಾಟಿದವನು ಅರಿಸ್ಟಾಟಲ್. 'ಮೀಟಿಯೊರಾಲಜಿಕಾ'ದ ಎರಡನೆಯ ಭಾಗದಲ್ಲಿ, ನಮಗೆ ಬೋರಿಯಸ್ ಇರುವಂತೆ ಇನ್ನೊಂದು ಧ್ರುವದ ಕಡೆಯವರಿಗೂ ಅವರ ಧ್ರುವದಿಂದ ಬೀಸುವ ಗಾಳಿ ಇರಲೇಬೇಕು, ಅದು ನಮ್ಮವರೆಗೆ ತಲುಪಲಾರದು ಎಂದು ಅವನು ವಾದಿಸುತ್ತಾನೆ. ದೇವರ ಹೆಸರು ದಿಕ್ಕನ್ನು ಬಿಟ್ಟು ಧ್ರುವಕ್ಕೆ ಅಂಟಿಕೊಂಡ ಗಳಿಗೆ ಇದು.

ಸಿಡ್ನಿಯಲ್ಲಿ ಆ ಗಾಳಿಗೆ ಸದರ್ಲಿ ಬಸ್ಟರ್ ಎಂದು ಹೆಸರು. ಬೇಸಿಗೆಯ ಬಿಸಿಹಗಲಿನ ಬೆನ್ನಿಗೇ ಗ್ರೇಟ್ ಡಿವೈಡಿಂಗ್ ಪರ್ವತಸಾಲಿನ ಅಂಚಿಗೆ ಒತ್ತಿಕೊಂಡು ಕರಾವಳಿಯುದ್ದಕ್ಕೂ ತಂಪುಗಾಳಿ ಬಡಗಣಕ್ಕೆ ನುಗ್ಗುತ್ತದೆ. ಕೆಲವೇ ನಿಮಿಷಗಳಲ್ಲಿ ಉಷ್ಣಾಂಶ 10–15 ಡಿಗ್ರಿ ಕುಸಿಯುವುದುಂಟು. ಸಿಡ್ನಿ ವೀಕ್ಷಣಾಲಯದ ಹೆನ್ರಿ ಹಂಟ್ ಈ ಗಾಳಿಯ ಮೇಲೆ ಬರೆದ ಪ್ರಬಂಧಕ್ಕೆ ಬಹುಮಾನ ಬಂತು. ಮುಂದೆ ಅವನೇ ಇಡೀ ಆಸ್ಟ್ರೇಲಿಯಾದ ಮೊದಲ ಹವಾಮಾನಾಧಿಕಾರಿಯಾಗಿ ಮೆಲ್ಬರ್ನಿನಲ್ಲಿ ಕುಳಿತ. 1829ರಲ್ಲಿ ಕಡಲ್ಗಳ್ಳತನದ ಶಿಕ್ಷೆಗೆ ಸಿಡ್ನಿಗೆ ಬಂದ ಗ್ರೀಸಿನ ಹೈಡ್ರಾ ದ್ವೀಪದ ಏಳು ಮಂದಿ ನಾವಿಕರಿಗೆ ಈ ಗಾಳಿ ಹೇಗೆ ಕಂಡಿತೋ! ಅವರ ಬಡಗಣ ಗಾಳಿಯ ಚಳಿ ಇಲ್ಲಿ ತೆಂಕಣದಿಂದ ಬರುತ್ತಿತ್ತು.

ಕನ್ನಡ ಓದುಗರಿಗೂ ಇದು ಅಷ್ಟೇ ತಲೆಕೆಳಗು. ಪಂಪನ ಬನವಾಸಿಯ ನೆನಪಿನಲ್ಲಿ ತೆಂಕಣ ಗಾಳಿ ಸುಖದ ಸ್ಪರ್ಶ; ಮಲಯಮಾರುತದ ಪರಂಪರೆಯೇ ಅದು. ಆದರೆ ನಮ್ಮ ದಿಕ್ಪಾಲಕರ ಲೆಕ್ಕದಲ್ಲಿ ವಾಯುವಿನ ದಿಕ್ಕು ವಾಯವ್ಯ. ಮೆಲ್ಬರ್ನಿನ ಮಟ್ಟಿಗೆ, ಕೇವಲ ಕಾಕತಾಳೀಯವಾಗಿ, ಅದು ಸರಿಯಾಗಿ ಹೊಂದುತ್ತದೆ: ಒಳನಾಡಿನ ಮರುಭೂಮಿಯ ಕಾವನ್ನು ಹೊತ್ತು ತರುವ ಬಿಸಿಗಾಳಿ ಅಲ್ಲಿ ಬಡಗಣ–ವಾಯವ್ಯದ್ದು.

ಬ್ರಿಕ್‌ಫೀಲ್ಡರ್ ಎಂಬ ಹೆಸರಿನ ಚರಿತ್ರೆ, ಗಾಳಿಯ ಸ್ವಭಾವ ದಿಕ್ಕಿನದಲ್ಲ, ನೆಲ ನೀರಿನದು ಎಂಬ ವಾದವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಮೊದಲು ಅದು ಸಿಡ್ನಿಯ ತೆಂಕಣ ಗಾಳಿ; ಊರ ದಕ್ಷಿಣದ ಇಟ್ಟಿಗೆಗೂಡುಗಳ ಧೂಳನ್ನು ಮನೆಮನೆಗೆ ಹಂಚುತ್ತಿತ್ತು. ಮುಂದೆ ವಿಕ್ಟೋರಿಯಾದಲ್ಲಿ ಅದೇ ಹೆಸರು ಬಡಗಣದ ಧೂಳುಗಾಳಿಗೆ ಅಂಟಿತು. ಜನ ಹೆಸರಿಟ್ಟದ್ದು ಧೂಳಿಗೆ, ದಿಕ್ಕಿಗಲ್ಲ.

ಹಾಗಾದರೆ ಮೆಲ್ಬರ್ನಿನ ಬೋರಿಯಸ್ ಯಾರು? ಕಾವು ಮುರಿಯುವ ನೈರುತ್ಯದ ತಂಪುಗಾಳಿ ಎನ್ನಬಹುದು. ಆದರೆ ಅವನನ್ನು ಬರೀ ಉಪಕಾರಿ ಎನ್ನಲಾಗದು. 2009ರ ಫೆಬ್ರವರಿ 7ರಂದು ನಗರದ ಉಷ್ಣಾಂಶ 46.4 ಡಿಗ್ರಿ ಮುಟ್ಟಿತ್ತು. ಬಡಗಣ ಗಾಳಿಗೆ ಉದ್ದಕ್ಕೆ, ಕಿರಿದಾಗಿ ಹಬ್ಬಿದ್ದ ಕಾಳ್ಗಿಚ್ಚಿನ ಪಕ್ಕೆಯನ್ನು ಸಂಜೆಯ ಹೊತ್ತಿಗೆ ಬಂದ ನೈರುತ್ಯ ಗಾಳಿ ಅಗಲವಾದ ಮುಂಭಾಗವಾಗಿಸಿ ತಿರುಗಿಸಿತು. ಆ ದಿನದ ಬೆಂಕಿಗಳಿಗೆ 173 ಮಂದಿ ಬಲಿಯಾದರು. ಅಥೆನ್ಸಿನವರು ಅಳಿಯನೆಂದು ಕರೆದವನೂ ಮೊದಲಿಗೆ ಮಗಳನ್ನು ಹೊತ್ತೊಯ್ದವನೇ.