ಬಂದೂಕು ಕೆಳಗಿಟ್ಟು ಲೆಕ್ಕದ ಪುಸ್ತಕ ಹಿಡಿದವರು

ಅಮೆರಿಕದಲ್ಲಿ ಮಾಜಿ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ವ್ಯವಹಾರಾಡಳಿತ ಓದಲು ದಾರಿ ತೆರೆದದ್ದು 1944ರ ಜೂನ್ 22ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಹಿ ಹಾಕಿದ ಒಂದು ಕಾನೂನು. ಜನರ ಬಾಯಲ್ಲಿ ಅದು ಜಿ.ಐ. ಬಿಲ್. ಅದರ ಹಿಂದೆ ವಿದ್ಯೆಯ ಮೇಲಿನ ಪ್ರೀತಿಗಿಂತ ನಿರುದ್ಯೋಗದ ಭಯವೇ ಹೆಚ್ಚಾಗಿತ್ತು. ಮೊದಲ ಮಹಾಯುದ್ಧದ ಸೈನಿಕರು ತಮಗೆ ಬರಬೇಕಾದ ಹಣ ಕೇಳಿ 1932ರಲ್ಲಿ ವಾಷಿಂಗ್ಟನ್ನಿನಲ್ಲಿ ಬೀಡುಬಿಟ್ಟಾಗ ಸೇನೆಯೇ ಅವರನ್ನು ಓಡಿಸಿತ್ತು, ಬಿಡಾರಗಳು ಸುಟ್ಟುಹೋಗಿದ್ದವು. ಈ ಸಲ ಎರಡನೇ ಮಹಾಯುದ್ಧದಿಂದ ಸುಮಾರು 1.6 ಕೋಟಿ ಜನ ಮರಳುವವರಿದ್ದರು.

ಕಾನೂನು ವರ್ಷಕ್ಕೆ 500 ಡಾಲರ್‌ವರೆಗೆ ಕಾಲೇಜು ಶುಲ್ಕವನ್ನೂ, ಒಂಟಿಗರಿಗೆ ತಿಂಗಳಿಗೆ 50, ಸಂಸಾರಸ್ಥರಿಗೆ 75 ಡಾಲರ್ ಭತ್ಯೆಯನ್ನೂ ಕೊಟ್ಟಿತು. ಹಾರ್ವರ್ಡ್‌ನ ಅಧ್ಯಕ್ಷ ಜೇಮ್ಸ್ ಕಾನಂಟ್ ಓದಿನ ಮಟ್ಟ ಕುಸಿದೀತೆಂದು ಅಂಜಿದ್ದರು. ಬಂದವರ ಶ್ರದ್ಧೆ ಕಂಡ ಮೇಲೆ ಅವರೇ ಮೆಚ್ಚಿಕೊಂಡರು. 1956ರ ಹೊತ್ತಿಗೆ 78 ಲಕ್ಷ ಮಂದಿ ಶಿಕ್ಷಣ ಅಥವಾ ತರಬೇತಿ ಪಡೆದಿದ್ದರು. ಅವರಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು 22 ಲಕ್ಷ.

ಇವರಲ್ಲಿ ಹಲವರಿಗೆ ವ್ಯವಹಾರಾಡಳಿತ ಪೂರ್ತಿ ಹೊಸದಾಗಿರಲಿಲ್ಲ. ಯುದ್ಧವೆಂದರೆ ಸರಬರಾಜು, ಸಾಗಣೆ, ಲೆಕ್ಕಾಚಾರ. ವಿಮಾನ, ಬಿಡಿಭಾಗ, ಪೈಲಟ್‌ಗಳ ಲೆಕ್ಕವಿಡುವ ವಿದ್ಯೆಯನ್ನು ವಾಯುಪಡೆಯ ಅಧಿಕಾರಿಗಳಿಗೆ ಕಲಿಸಿದ್ದೇ ಹಾರ್ವರ್ಡ್ ಬಿಸಿನೆಸ್ ಸ್ಕೂಲ್. ಆ ಲೆಕ್ಕದ ವಿಭಾಗದ ಹತ್ತು ಅಧಿಕಾರಿಗಳು 1946ರಲ್ಲಿ ಒಟ್ಟಾಗಿ ಫೋರ್ಡ್ ಕಂಪನಿ ಸೇರಿದರು. ಅವರಲ್ಲೊಬ್ಬರಾದ ರಾಬರ್ಟ್ ಮ್ಯಾಕ್ನಮಾರಾ 1960ರಲ್ಲಿ ಅದರ ಅಧ್ಯಕ್ಷರಾದರು. ಸೇನೆಯಲ್ಲಿ ಪಳಗಿದ ಬುದ್ಧಿಗೆ ಕಾರ್ಖಾನೆಯಲ್ಲಿ ಬೆಲೆಯಿದೆಯೆಂದು ಉದ್ಯಮಿಗಳಿಗೆ ಮನವರಿಕೆಯಾದದ್ದು ಹೀಗೆ.

ಹಾರ್ವರ್ಡ್‌ನ 1949ರ ಎಂ.ಬಿ.ಎ. ತಂಡದಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮಾಜಿ ಸೈನಿಕರೇ. ಅಲ್ಲಿನ ಪಾಠಕ್ರಮ ಅವರಿಗೆ ಒಗ್ಗಿತು: ನಿಜವಾದ ಕಂಪನಿಯೊಂದರ ಇಕ್ಕಟ್ಟನ್ನು ಮುಂದಿಟ್ಟು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳುವ ಕ್ರಮವದು. ಎಳೆಯ ವಯಸ್ಸಿನಲ್ಲೇ ಜೀವ-ಮರಣದ ನಿರ್ಧಾರ ಮಾಡಿದವರಿಗೆ ಆ ಪ್ರಶ್ನೆ ಬರೀ ಪುಸ್ತಕದ್ದಾಗಿರಲಿಲ್ಲ. ನೌಕಾಪಡೆಯಲ್ಲಿದ್ದ ಜೇಮ್ಸ್ ಬರ್ಕ್ ಇದೇ ತಂಡದವರು. 1982ರಲ್ಲಿ ಯಾರೋ ಟೈಲೆನಾಲ್ ಮಾತ್ರೆಗಳಿಗೆ ವಿಷ ಬೆರೆಸಿದಾಗ, ಜಾನ್ಸನ್ ಅಂಡ್ ಜಾನ್ಸನ್ ಮುಖ್ಯಸ್ಥರಾಗಿದ್ದ ಅವರು ಸುಮಾರು 3.1 ಕೋಟಿ ಸೀಸೆಗಳನ್ನು ಮಾರುಕಟ್ಟೆಯಿಂದ ವಾಪಸ್ ತರಿಸಿದರು.

ಕಪ್ಪು ಸೈನಿಕರಿಗೆ ಈ ಬಾಗಿಲು ಅರ್ಧವೇ ತೆರೆದದ್ದು ದೊಡ್ಡ ಅನ್ಯಾಯ. ಕಾನೂನಿನಲ್ಲಿ ಬಣ್ಣದ ಮಾತಿರಲಿಲ್ಲ. ಆದರೆ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಕಾಲೇಜುಗಳು ಅವರನ್ನು ಸೇರಿಸಿಕೊಳ್ಳಲಿಲ್ಲ, ಕರಿಯರ ಕಾಲೇಜುಗಳಲ್ಲಿ ಸೀಟು ಸಾಲಲಿಲ್ಲ.

ಕೊರಿಯಾ ಯುದ್ಧದವರಿಗಾಗಿ 1952ರಲ್ಲಿ ಹೊಸ ಕಾನೂನು ಬಂತು. 2008ರ ಕಾನೂನು, 2001ರ ಸೆಪ್ಟೆಂಬರ್ 11ರ ನಂತರ ಸೇವೆ ಸಲ್ಲಿಸಿದವರಿಗೆ ಶುಲ್ಕ ಭರಿಸುವುದರ ಜೊತೆಗೆ, ಕೆಲವು ಷರತ್ತುಗಳ ಮೇಲೆ ಆ ಹಕ್ಕನ್ನು ಬಾಳಸಂಗಾತಿಗೋ ಮಕ್ಕಳಿಗೋ ವರ್ಗಾಯಿಸುವ ಅವಕಾಶವನ್ನೂ ಕೊಟ್ಟಿತು.