ಜನ್ಮದಿನಾಂಕ ವಿವಾದ (ಸರ್ಕಾರಿ ಸೇವೆ)

ಸೇವಾ ಪುಸ್ತಕದಲ್ಲಿ ದಾಖಲಾದ ಜನ್ಮದಿನಾಂಕದ ತಿದ್ದುಪಡಿ ಕುರಿತು ಸರ್ಕಾರಿ ನೌಕರನಿಗೂ ಸರ್ಕಾರಕ್ಕೂ ನಡುವೆ ಏಳುವ ವ್ಯಾಜ್ಯ. ನಿವೃತ್ತಿಯ ದಿನ ಈ ನಮೂದನ್ನೇ ಅವಲಂಬಿಸುತ್ತದೆ. ಜನನ ನೋಂದಣಿ ವಿರಳವಾಗಿದ್ದ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಅಂದಾಜಿನಿಂದ ಬರೆಸಿದ ತಾರೀಖೇ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಮೂಲಕ ಸೇವಾ ಪುಸ್ತಕ ಸೇರಿದ್ದು ಇಂಥ ವಿವಾದಗಳಿಗೆ ಮುಖ್ಯ ಕಾರಣ. ಹೀಗಾಗಿ ಕೋರಿಕೆಗಳೆಲ್ಲ ದುರುದ್ದೇಶದವಲ್ಲ. ಕರ್ನಾಟಕದಲ್ಲಿ 1974ರ ರಾಜ್ಯ ನೌಕರರ ವಯೋನಿರ್ಧಾರ ಅಧಿನಿಯಮವು ವಯಸ್ಸು ದಾಖಲಾದ 3 ವರ್ಷಗಳೊಳಗೆ ತಿದ್ದುಪಡಿ ಕೋರಬೇಕೆನ್ನುತ್ತದೆ. ಕೇಂದ್ರ ನೌಕರರಿಗೆ ಸೇವೆಗೆ ಸೇರಿದಂದಿನಿಂದ 5 ವರ್ಷಗಳ ಮಿತಿಯಿದೆ. ನಿವೃತ್ತಿಯ ಹೊಸ್ತಿಲಲ್ಲಿ ಬರುವ ಅರ್ಜಿಗಳನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಪುರಸ್ಕರಿಸುವುದಿಲ್ಲ. ಏಕೆಂದರೆ ಒಬ್ಬರ ಸೇವೆ ಮುಂದುವರಿದರೆ ಕಿರಿಯರ ಬಡ್ತಿ ತಡೆಯಾಗುತ್ತದೆ. ಕರ್ನಾಟಕದ ಪ್ರಕರಣವೊಂದರಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್, ಬಲವಾದ ಪುರಾವೆಯಿದ್ದರೂ ತಿದ್ದುಪಡಿಯನ್ನು ಹಕ್ಕಾಗಿ ಕೇಳಲಾಗದೆಂದಿತು. ಆಗ ಭೂಸೇನಾ ಮುಖ್ಯಸ್ಥರಾಗಿದ್ದ ವಿ.ಕೆ. ಸಿಂಗ್ ಹುಟ್ಟಿದ್ದು 1950ರಲ್ಲೋ 1951ರಲ್ಲೋ ಎಂಬ ವಿವಾದವೂ ಅದೇ ನ್ಯಾಯಾಲಯಕ್ಕೆ ಹೋಗಿತ್ತು. 2012ರ ಫೆಬ್ರುವರಿಯಲ್ಲಿ ಅವರು ಅರ್ಜಿ ಹಿಂಪಡೆದರು.