ಹಳದಿ ಹನಿ, ನೀಲಿ ಬೆಳಕು: ಉಬ್ಬುವ ಕಣ್ಣನ್ನು ಹಿಡಿದು ನಿಲ್ಲಿಸಿದ ಕಥೆ

ಈ ಸಂಚಿಕೆಯನ್ನ ಚಂದ್ರನಿಂದ ಶುರು ಮಾಡ್ತೀನಿ.

ನಾನಾಗ ಸೆಕೆಂಡ್ ಪಿಯುಸಿ. ಒಂದು ಹುಣ್ಣಿಮೆ ರಾತ್ರಿ ಕರೆಂಟ್ ಹೋಗಿ ಮನೆಯವರೆಲ್ಲ ಮಹಡಿ ಮೇಲೆ ಕೂತಿದ್ದೆವು. ಎಡಗಣ್ಣು ಮುಚ್ಚಿ ಬಲಗಣ್ಣಿಂದ ನೋಡಿದರೆ ಚಂದ್ರ ಒಂದಲ್ಲ, ನಾಲ್ಕೈದು. ಒಂದರ ಮೇಲೊಂದು ಒರಗಿಕೊಂಡ ಹಾಗೆ, ಕೆಳಗೆ ಬಾಲ ಬೇರೆ. ತಮಾಷೆಯಾಗಿದೆ ಅಂದುಕೊಂಡೆ. ಆ ಎರಡು ವರ್ಷದಲ್ಲಿ ನನ್ನ ಕನ್ನಡಕದ ನಂಬರ್ ನಾಲ್ಕು ಸಲ ಬದಲಾಗಿತ್ತು. ಅಂಗಡಿಯವರು ಪ್ರತಿ ಸಲ ಹೊಸ ಗಾಜು ಹಾಕಿಕೊಟ್ಟು "ಮೊಬೈಲ್ ಕಮ್ಮಿ ನೋಡಪ್ಪಾ" ಅಂದರು. ಕಣ್ಣಿನ ಆಕಾರ ಹೇಗಿದೆ ಅಂತ ಯಾರೂ ಅಳೆಯಲಿಲ್ಲ. ಕೊನೆಗೆ ಅಳೆದಾಗ ಕಾಯಿಲೆಗೆ ಒಂದು ಹೆಸರು ಸಿಕ್ಕಿತು: ಕೆರಟೊಕೋನಸ್. ಎಡಗಣ್ಣನ್ನು ಇದ್ದಲ್ಲೇ ಹಿಡಿದು ನಿಲ್ಲಿಸಬಹುದಿತ್ತು, ನಿಲ್ಲಿಸಿದರು. ಬಲಗಣ್ಣಿಗೆ ಹೊತ್ತು ಮೀರಿತ್ತು.

ಈ 'ಹಿಡಿದು ನಿಲ್ಲಿಸುವುದು' ಅನ್ನೋದು ಇದೆಯಲ್ಲ, ಅದಕ್ಕೆ ಇನ್ನೂ 30 ವರ್ಷ ಕೂಡ ತುಂಬಿಲ್ಲ. ಅದರ ಹಿಂದಿನ ಚರಿತ್ರೆ ಮಾತ್ರ ಉದ್ದ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಕಣ್ಣಿನ ಕಪ್ಪು ಭಾಗದ ಮುಂದೆ ವಾಚಿನ ಗಾಜಿನ ಥರ ಒಂದು ಪಾರದರ್ಶಕ ಗುಮ್ಮಟ ಇರುತ್ತೆ, ಅದೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ಒಳಗೆಲ್ಲ ಕೊಲಾಜನ್ ಎಳೆಗಳು. ಬಿದಿರಿನ ತಟ್ಟಿ ನೋಡಿದ್ದೀರಲ್ಲ? ದಬ್ಬೆ ಎಷ್ಟೇ ಗಟ್ಟಿ ಇರಲಿ, ನಡುವಿನ ಗಂಟು ಸಡಿಲವಾದರೆ ತಟ್ಟಿ ಜೋಲುತ್ತದೆ. ಕೆರಟೊಕೋನಸ್‌ನಲ್ಲಿ ಆಗೋದು ಹೆಚ್ಚುಕಮ್ಮಿ ಅದೇ. ಕಾರ್ನಿಯಾ ದುರ್ಬಲವಾಗಿ ತೆಳುವಾಗುತ್ತದೆ, ಕಣ್ಣೊಳಗಿನ ಒತ್ತಡಕ್ಕೆ ಮುಂದಕ್ಕೆ ಉಬ್ಬಿ ಶಂಕುವಿನ ಆಕಾರ ತಾಳುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗಿ ಇಪ್ಪತ್ತರ ದಶಕದಲ್ಲಿ ಮುಂದುವರಿಯುತ್ತೆ. ಅಂದರೆ ಈ ಪಾಡ್‌ಕಾಸ್ಟ್ ಕೇಳೋ ವಯಸ್ಸಿನವರನ್ನೇ ಹುಡುಕಿಕೊಂಡು ಬರುವ ಕಾಯಿಲೆ.

1748ರಲ್ಲಿ ಜರ್ಮನಿಯ ಬುರ್ಖಾರ್ಡ್ ಮೌಖಾರ್ಟ್ ಇಂಥದ್ದೊಂದು ಕಣ್ಣನ್ನು ವರ್ಣಿಸಿದ. ಆದರೆ ಇದನ್ನು ಬೇರೆ ಕಣ್ಣಿನ ಕಾಯಿಲೆಗಳಿಂದ ಸರಿಯಾಗಿ ಬಿಡಿಸಿ ತೋರಿಸಿದ್ದು ಲಿವರ್‌ಪೂಲ್‌ನ ವೈದ್ಯ ಜಾನ್ ನಾಟಿಂಗ್‌ಹ್ಯಾಮ್, 1854ರ ತನ್ನ ಪುಸ್ತಕದಲ್ಲಿ. ಒಂದು ಎರಡಾಗಿ ಕಾಣೋದು, ಕನ್ನಡಕ ಹಾಕಿದರೂ ಸರಿಹೋಗದೇ ಇರೋದು, ಎಲ್ಲ ಬರೆದಿದ್ದಾನೆ. 1869ರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನ್ ಹಾರ್ನರ್ 'ಕೆರಟೊಕೋನಸ್' ಎಂದು ಹೆಸರಿಟ್ಟ. ಹೆಸರೇನೋ ಬಂತು, ಔಷಧಿ ಎಲ್ಲಿಂದ ತರೋದು? ಆ ಕಾಲದ ಒಂದು ಚಿಕಿತ್ಸೆ ಸಿಲ್ವರ್ ನೈಟ್ರೇಟ್ ಹಾಕಿ ಕಾರ್ನಿಯಾವನ್ನು ಸುಡುವುದು. ಸುಟ್ಟ ಜಾಗ ಗಾಯ ಮಾಗುತ್ತಾ ಬಿಗಿದುಕೊಂಡು ಉಬ್ಬು ತಗ್ಗಬಹುದು ಎಂಬ ಆಸೆ. ಇದನ್ನ ಓದಿದ ದಿನ ನಾನು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

1888ರಲ್ಲಿ ದಾರಿ ಬದಲಾಯಿತು. ಜ್ಯೂರಿಕ್‌ನಲ್ಲಿ ಅಡಾಲ್ಫ್ ಫಿಕ್ ಗಾಜಿನ ಚಿಪ್ಪು ಮಾಡಿಸಿ ಮೊದಲು ಮೊಲದ ಕಣ್ಣಿಗೆ, ಆಮೇಲೆ ತನ್ನದೇ ಕಣ್ಣಿಗೆ ಹಾಕಿ ನೋಡಿದ. ಅದೇ ವರ್ಷ ಪ್ಯಾರಿಸ್‌ನಲ್ಲಿ ಯೂಜೀನ್ ಕಾಲ್ಟ್ ಅಂಥದ್ದೇ ಚಿಪ್ಪನ್ನು ಕೆರಟೊಕೋನಸ್ ರೋಗಿಗಳಿಗೆ ಹಾಕಿದ. ಕಾಂಟ್ಯಾಕ್ಟ್ ಲೆನ್ಸ್ ಅಂದರೆ ಕನ್ನಡಕ ಬೇಡ ಅನ್ನುವವರ ಶೋಕಿ ಅಂತ ತುಂಬ ಜನ ತಿಳಿದಿದ್ದಾರೆ. ಅದು ಹುಟ್ಟಿದಾಗಿನಿಂದಲೇ ನಮ್ಮಂಥ ಕೋನ್ ಕಣ್ಣಿನವರ ಜೊತೆಗಿದೆ. ಇವತ್ತಿಗೂ ನನ್ನ ಬಲಗಣ್ಣು ಓದೋದು ಗಟ್ಟಿ ಲೆನ್ಸ್ ಹಾಕಿದರೆ ಮಾತ್ರ. ಆದರೆ ಲೆನ್ಸ್ ನೋಟವನ್ನು ತಿದ್ದುತ್ತದೆ, ಅದರ ಅಡಿಯಲ್ಲಿ ಕಾರ್ನಿಯಾ ತನ್ನ ಪಾಡಿಗೆ ತಾನು ಉಬ್ಬುತ್ತಲೇ ಇರಬಹುದು.

ಲೆನ್ಸೂ ನಿಲ್ಲದ ಹಂತಕ್ಕೆ ಬಂದವರಿಗೆ ಉಳಿದದ್ದು ಬೇರೆಯವರ ಕಾರ್ನಿಯಾ. 1936ರಲ್ಲಿ ನ್ಯೂಯಾರ್ಕ್‌ನಲ್ಲಿ ರಮೋನ್ ಕಾಸ್ಟ್ರೊವಿಯೆಹೊ ಕೆರಟೊಕೋನಸ್ ಕಣ್ಣಿಗೆ ಯಶಸ್ವಿಯಾಗಿ ಕಾರ್ನಿಯಾ ಕಸಿ ಮಾಡಿದರು. ಅಲ್ಲಿಂದ ಹೆಚ್ಚುಕಡಿಮೆ 60 ವರ್ಷ, ಮುಂದುವರಿದ ಕೆರಟೊಕೋನಸ್‌ಗೆ ದೊಡ್ಡ ಉತ್ತರ ಇದೇ ಆಗಿತ್ತು.

ನಮ್ಮೂರಲ್ಲಿ ಕಾರ್ನಿಯಾ ಅಂದ ಕೂಡಲೇ ನೆನಪಾಗೋದು ರಾಜ್‌ಕುಮಾರ್ ಮನೆತನ. 2006ರಲ್ಲಿ ಅಣ್ಣಾವ್ರು ಹೋದಾಗ ಅವರ ಕಣ್ಣು ದಾನವಾಯಿತು. 2021ರಲ್ಲಿ ಅಪ್ಪು ಹೋದಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ ನಾಲ್ಕು ಜನಕ್ಕೆ ಕೊಟ್ಟರು. ಅದಾದ ಮೇಲೆ ಕಣ್ಣು ಬರೆದುಕೊಡಲು ಜನ ಸಾಲುಗಟ್ಟಿದ್ದು ನಿಮಗೆ ನೆನಪಿರಬಹುದು. ದೊಡ್ಡ ಮಾತು ಅದು. ಆದರೆ ಪಡೆಯುವವನ ಕಡೆಯಿಂದ ಸ್ವಲ್ಪ ಯೋಚಿಸಿ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಕಸಿ ಮಾಡಿದರೆ ಹೊಲಿಗೆ, ತಿಂಗಳುಗಟ್ಟಲೆ ಸ್ಟಿರಾಯ್ಡ್ ಹನಿ, ದೇಹ ಅದನ್ನು ತಿರಸ್ಕರಿಸೀತು ಅನ್ನೋ ಭಯ. ಎಲ್ಲ ಸರಿಹೋದರೂ ಕಸಿ ಮಾಡಿದ ಕಾರ್ನಿಯಾ ಜೀವಮಾನವಿಡೀ ಬಾಳುತ್ತೆ ಅಂತ ಖಾತ್ರಿ ಇಲ್ಲ. ಮುಂದೆ ಮತ್ತೊಂದು ಕಸಿ ಬೇಕಾಗಬಹುದು. ಹಾಗಾಗಿ ಪ್ರಶ್ನೆ ಇದ್ದದ್ದು ಇದು: ಅವನ ಸ್ವಂತ ಕಾರ್ನಿಯಾವನ್ನೇ ಕೆಡುವ ಮೊದಲು ಗಟ್ಟಿ ಮಾಡಲಾಗದೇ?

ಈ ಪ್ರಶ್ನೆಯನ್ನು 1990ರ ದಶಕದಲ್ಲಿ ಕೈಗೆತ್ತಿಕೊಂಡದ್ದು ಜರ್ಮನಿಯ ಡ್ರೆಸ್ಡೆನ್ ನಗರದ ಒಂದು ತಂಡ: ಥಿಯೋ ಸೈಲರ್, ಎಬರ್‌ಹಾರ್ಡ್ ಸ್ಪೋರ್ಲ್, ಗ್ರೆಗೊರ್ ವೊಲೆನ್‌ಸಾಕ್. ಅವರ ಮುಂದೆ ಎರಡು ಸುಳಿವು ಇದ್ದವು. ವಯಸ್ಸಾದಂತೆ ಕೊಲಾಜನ್ ಎಳೆಗಳ ನಡುವೆ ತಾನಾಗೇ ಹೆಚ್ಚು ಗಂಟು ಬೀಳುತ್ತದೆ. ಮಧ್ಯವಯಸ್ಸಿನ ಹೊತ್ತಿಗೆ ಕೆರಟೊಕೋನಸ್ ಸಾಮಾನ್ಯವಾಗಿ ಹಿಡಿತಕ್ಕೆ ಬರೋದಕ್ಕೆ ಇದೂ ಒಂದು ಕಾರಣ ಅಂತಾರೆ. ಇನ್ನೊಂದು ವಿಚಿತ್ರ ಸುಳಿವು ಸಕ್ಕರೆ ಕಾಯಿಲೆ. ಮಧುಮೇಹ ಇರುವವರಲ್ಲಿ ಕೆರಟೊಕೋನಸ್ ಕಡಿಮೆ ಅನ್ನೋದನ್ನ ಸೈಲರ್ ತಂಡವೇ 2000ನೇ ಇಸವಿಯಲ್ಲಿ ಪ್ರಕಟಿಸಿತು. ರಕ್ತದ ಸಕ್ಕರೆ ಕೊಲಾಜನ್‌ಗೆ ಅಂಟಿಕೊಂಡು ಅದನ್ನ ಬಿಗಿ ಮಾಡುತ್ತೆ. ಅಂದರೆ ಪ್ರಕೃತಿಗೆ ಗಂಟು ಹಾಕೋ ವಿದ್ಯೆ ಗೊತ್ತು. ಅದನ್ನ ಮೂವತ್ತು ವರ್ಷ ಕಾಯದೆ, ಒಂದು ಮಧ್ಯಾಹ್ನದಲ್ಲಿ ಮಾಡಬೇಕಿತ್ತು.

1998ರಲ್ಲಿ ಪ್ರಕಟವಾದ ಅವರ ಪ್ರಯೋಗ ನನಗೆ ತುಂಬ ಇಷ್ಟ, ಯಾಕಂದ್ರೆ ಅದರಲ್ಲಿ ಒಂದು ಮಕ್ಕಳಾಟದ ಗುಣ ಇದೆ. ಹಂದಿಯ ಕಣ್ಣುಗಳನ್ನು ತಂದು ಒಂದೊಂದು ಗುಂಪಿಗೆ ಒಂದೊಂದು ಉಪಚಾರ ಮಾಡಿದರು. ಕೆಲವಕ್ಕೆ ನೇರಳಾತೀತ ಬೆಳಕು, ಕೆಲವಕ್ಕೆ ನೀಲಿ ಬೆಳಕು, ಕೆಲವಕ್ಕೆ ಬರೀ ಬಿಸಿಲು. ಕೆಲವಕ್ಕೆ ಗ್ಲುಟರಾಲ್ಡಿಹೈಡ್, ಅಂದರೆ ಚರ್ಮ ಹದ ಮಾಡಲೂ ಬಳಸುವ ರಾಸಾಯನಿಕ. ಚರ್ಮ ಹದ ಮಾಡೋದೂ ಕೊಲಾಜನ್‌ಗೆ ಗಂಟು ಹಾಕೋ ಕೆಲಸವೇ ತಾನೆ? ಆಮೇಲೆ ಪ್ರತಿ ಕಾರ್ನಿಯಾದಿಂದ ಪಟ್ಟಿ ಕತ್ತರಿಸಿ ಎಳೆದು ನೋಡಿದರು. ಎಳೆತಕ್ಕೆ ಚೆನ್ನಾಗಿ ತಡೆದು ನಿಂತವುಗಳಲ್ಲಿ ಒಂದು ರೈಬೊಫ್ಲಾವಿನ್ ಮತ್ತು ಯುವಿ-ಎ ಬೆಳಕಿನ ಜೋಡಿ.

ರೈಬೊಫ್ಲಾವಿನ್ ಅಂದರೆ ವಿಟಮಿನ್ ಬಿ-2. ಬಾಯಿ ಹುಣ್ಣಾದಾಗ ಬಿ-ಕಾಂಪ್ಲೆಕ್ಸ್ ನುಂಗಿದರೆ ಮೂತ್ರ ಗಾಢ ಹಳದಿ ಬರುತ್ತಲ್ಲ, ಆ ಬಣ್ಣದ ಕಾರಣ ಇದೇ. ಅಮ್ಮ ಹಾಲಿಗೆ ನಿಂಬೆಹಣ್ಣು ಹಿಂಡಿ ಪನ್ನೀರ್ ಮಾಡುವಾಗ ಕೆಳಗೆ ಉಳಿಯುವ ಹಸಿರು-ಹಳದಿ ನೀರಿನ ಬಣ್ಣವೂ ಇದರದ್ದೇ. ಹೊಳೆಯುವ ಗಾಜಿನ ಬಾಟಲಿಯಲ್ಲಿ ಹಾಲನ್ನು ಬಿಸಿಲಿಗಿಟ್ಟರೆ ಈ ವಿಟಮಿನ್ ಬೇಗ ಹಾಳಾಗುತ್ತದೆ, ಯಾಕಂದ್ರೆ ಅದು ಬೆಳಕನ್ನ ಹೀರಿಕೊಂಡು ಕೆರಳುವ ವಸ್ತು. ಕಣ್ಣಲ್ಲಿ ಬೇಕಿದ್ದದ್ದೂ ಈ ಗುಣವೇ. ಬೆಳಕು ಹೀರಿದ ರೈಬೊಫ್ಲಾವಿನ್ ಸುತ್ತಲಿನ ಆಮ್ಲಜನಕವನ್ನು ಚುರುಕುಗೊಳಿಸುತ್ತದೆ, ಆ ಚುರುಕು ಆಮ್ಲಜನಕ ಕೊಲಾಜನ್ ಎಳೆಗಳ ನಡುವೆ ಹೊಸ ಬಂಧ ಹಾಕುತ್ತದೆ. ಜೊತೆಗೆ ಬೆಳಕಿನ ಬಹುಪಾಲನ್ನು ತಾನೇ ಕುಡಿದು ಹಿಂದಿನ ಸೂಕ್ಷ್ಮ ಜೀವಕೋಶಗಳಿಗೆ ತಲುಪದ ಹಾಗೆ ತಡೆಯುತ್ತದೆ. ಒಂದೇ ಹನಿ, ಅಂಟೂ ಅದೇ ಕೊಡೆಯೂ ಅದೇ.

(ಹಾಗಾದ್ರೆ ಬಿ-ಕಾಂಪ್ಲೆಕ್ಸ್ ನುಂಗಿ ಬಿಸಿಲಲ್ಲಿ ಸೂರ್ಯನ್ನ ನೋಡ್ತಾ ನಿಂತರೆ ಆಗಲ್ವಾ ಅಂತ ಕೇಳ್ಬೇಡಿ. ಆಗಲ್ಲ. ಇರೋ ಕಣ್ಣೂ ಹೋಗುತ್ತೆ.)

ಹಂದಿಯ ಕಣ್ಣಿಂದ ಮನುಷ್ಯನ ಕಣ್ಣಿಗೆ ಬಂದಾಗ ಫಲ ಇನ್ನೂ ಜೋರಾಗಿತ್ತು. 2003ರ ಇನ್ನೊಂದು ಅಳತೆಯಲ್ಲಿ ಚಿಕಿತ್ಸೆಯಿಂದ ಹಂದಿಯ ಕಾರ್ನಿಯಾದ ಬಿಗಿತ 1.8 ಪಟ್ಟಾದರೆ, ದಾನಿಗಳ ಕಾರ್ನಿಯಾದ್ದು 4.5 ಪಟ್ಟಾಯಿತು. ಅದೇ ವರ್ಷ ಬಂತು ಮುಖ್ಯವಾದ ವರದಿ: 22 ರೋಗಿಗಳು, 23 ಕಣ್ಣು. ಚಿಕಿತ್ಸೆ ಪಡೆದ ಎಲ್ಲ ಕಣ್ಣುಗಳಲ್ಲೂ ಉಬ್ಬುವಿಕೆ ನಿಂತಿತ್ತು. 16 ಕಣ್ಣುಗಳಲ್ಲಿ ಉಬ್ಬು ಸರಾಸರಿ 2 ಡಯಾಪ್ಟರ್‌ನಷ್ಟು ತಗ್ಗಿಯೂ ಇತ್ತು. 23 ಕಣ್ಣು ಅಂದರೆ ಸಣ್ಣ ಸಂಖ್ಯೆ, ಅನುಮಾನ ಪಟ್ಟವರೂ ಇದ್ದರು. ಆ ಅನುಮಾನಕ್ಕೆ ಗಟ್ಟಿ ಉತ್ತರ ಬಂದದ್ದು ಮೆಲ್ಬರ್ನ್‌ನಿಂದ. ಅಲ್ಲಿ 100 ಕಣ್ಣುಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಮೂರು ವರ್ಷ ಗಮನಿಸಿದರು. 2014ರಲ್ಲಿ ಫಲಿತಾಂಶ ಬಂತು. ಸುಮ್ಮನೆ ಬಿಟ್ಟ ಕಣ್ಣುಗಳು ಸರಾಸರಿ 1.75 ಡಯಾಪ್ಟರ್ ಇನ್ನಷ್ಟು ಕಡಿದಾಗಿದ್ದವು, ಚಿಕಿತ್ಸೆ ಪಡೆದವು ಸುಮಾರು 1 ಡಯಾಪ್ಟರ್ ಚಪ್ಪಟೆಯಾಗಿದ್ದವು.

ನನ್ನ ಎಡಗಣ್ಣಿಗೆ ಮಾಡಿದ್ದು ಆ ಹಳೆಯ 'ಡ್ರೆಸ್ಡೆನ್ ಪದ್ಧತಿ'. ಮರಗಟ್ಟಿಸುವ ಹನಿ ಹಾಕಿ, ರೆಪ್ಪೆ ಮುಚ್ಚದಂತೆ ಕ್ಲಿಪ್ ಇಟ್ಟು, ಕಾರ್ನಿಯಾದ ತೀರ ಮೇಲಿನ ಪದರವನ್ನು ಕೆರೆದು ತೆಗೆಯುತ್ತಾರೆ. ಆ ಪದರ ಇದ್ದರೆ ವಿಟಮಿನ್ ಸರಿಯಾಗಿ ಒಳಗೆ ಇಳಿಯಲ್ಲ. ಆಮೇಲೆ ಅರ್ಧ ಗಂಟೆ ಹಳದಿ ಹನಿ, ಇನ್ನರ್ಧ ಗಂಟೆ ಬೆಳಕು. ಬೆಳಕಿನ ತೀವ್ರತೆ ಚದರ ಸೆಂಟಿಮೀಟರಿಗೆ ಬರೀ 3 ಮಿಲಿವಾಟ್. ಈಗ ಹಲವು ಕಡೆ ಬೆಳಕು ಹೆಚ್ಚಿಸಿ ಹತ್ತೇ ನಿಮಿಷದಲ್ಲಿ ಮುಗಿಸುತ್ತಾರೆ. ಮಲಗಿದಾಗ ನೋವೇನೂ ಆಗಲಿಲ್ಲ. ನೀಲಿ ಬೆಳಕು ನೋಡ್ತಾ ಇದ್ದೆ, ಯಾರೋ ನರ್ಸ್ ಪಕ್ಕದಲ್ಲಿ ಧಾರಾವಾಹಿಯ ಕಥೆ ಹೇಳ್ತಾ ಇದ್ದರು. ಉರಿ ಶುರುವಾದದ್ದು ಮನೆಗೆ ಬಂದ ಮೇಲೆ. ಮೂರು ದಿನ ಕಣ್ಣಿಗೆ ಮೆಣಸಿನಪುಡಿ ಬಿದ್ದ ಹಾಗೆ. ಕಿಟಕಿಗೆಲ್ಲ ಬೆಡ್‌ಶೀಟ್ ಕಟ್ಟಿ ಮಲಗಿದ್ದೆ.

ವಾಸಿಯಾದ ಮೇಲೆ ಕಣ್ಣು ಚೆನ್ನಾಗಿ ಕಾಣುತ್ತೆ ಅಂದುಕೊಂಡಿದ್ದೆ. ಮುಂಚೆ ಎಷ್ಟಿತ್ತೋ ಅಷ್ಟೇ. ಡಾಕ್ಟರನ್ನ ಕೇಳಿದರೆ, "ಹಾಗೇ ಇರ್ಬೇಕು, ಅದಕ್ಕೇ ಮಾಡಿದ್ದು" ಅಂದರು. ಕ್ರಾಸ್‌ಲಿಂಕಿಂಗ್ ಬಗ್ಗೆ ಜನಕ್ಕೆ ಅರ್ಥವಾಗದೇ ಇರೋದು ಇದೇ. ಅದು ಕಳೆದದ್ದನ್ನು ತಂದುಕೊಡಲ್ಲ, ಇನ್ನು ಕಳೆಯದ ಹಾಗೆ ನೋಡಿಕೊಳ್ಳುತ್ತೆ. ನೋಟ ಬೇಕಿದ್ದರೆ ಕನ್ನಡಕವೋ ಲೆನ್ಸೋ ಬೇರೆ.

ಅಮೆರಿಕದ ಸ್ಟೀವನ್ ಹಾಲ್ಕೋಂಬ್ ಕಥೆ ಕೇಳಿ. ಮಂಜಿನ ಇಳಿಜಾರಿನಲ್ಲಿ ಗಂಟೆಗೆ ನೂರು ಕಿಲೋಮೀಟರ್ ಮೀರಿ ಜಾರುವ ಬಾಬ್‌ಸ್ಲೆಡ್ ಓಡಿಸುತ್ತಿದ್ದವನು. ಕೆರಟೊಕೋನಸ್‌ನಿಂದ ಕಣ್ಣು ಎಷ್ಟು ಹಾಳಾಗಿತ್ತೆಂದರೆ ಆಟ ಬಿಡುವ ಯೋಚನೆಯಲ್ಲಿದ್ದ, ಖಿನ್ನತೆಗೂ ಬಿದ್ದಿದ್ದ. ಕ್ರಾಸ್‌ಲಿಂಕಿಂಗ್ ಮಾಡಿ ಕಾರ್ನಿಯಾ ನಿಲ್ಲಿಸಿದರು, 2008ರಲ್ಲಿ ಕಣ್ಣೊಳಗೆ ಲೆನ್ಸ್ ಕೂರಿಸಿ ನೋಟ ತಂದರು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ನಾಲ್ವರ ತಂಡದ ಚಿನ್ನ ಗೆದ್ದ. ಆ ಸ್ಪರ್ಧೆಯಲ್ಲಿ ಅಮೆರಿಕಕ್ಕೆ 62 ವರ್ಷಗಳ ನಂತರದ ಚಿನ್ನ ಅದು. ಆಗಿನ್ನೂ ಅವನದೇ ದೇಶದ ಎಫ್‌ಡಿಎ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿರಲಿಲ್ಲ. ಕೊಟ್ಟದ್ದು 2016ರಲ್ಲಿ.

ಪರಿಣಾಮ ಆಸ್ಪತ್ರೆಯ ಪುಸ್ತಕಗಳಲ್ಲೂ ಕಾಣುತ್ತೆ. ನಾರ್ವೆಯ ಓಸ್ಲೋದ ಆಸ್ಪತ್ರೆಯಲ್ಲಿ ಕ್ರಾಸ್‌ಲಿಂಕಿಂಗ್ ಬಂದ ಮೇಲೆ ಕೆರಟೊಕೋನಸ್‌ಗೆ ಮಾಡುವ ಕಸಿಗಳು ಅರ್ಧಕ್ಕಿಂತ ಕಡಿಮೆಯಾದವು.

ಆದರೆ ಸಮಯಕ್ಕೆ ಸರಿಯಾಗಿ ಕಂಡುಹಿಡಿದರೆ ತಾನೆ? ಕಾರ್ನಿಯಾ 400 ಮೈಕ್ರಾನ್‌ಗಿಂತ ತೆಳುವಾದರೆ ಮಾಮೂಲಿ ಪದ್ಧತಿ ಸುರಕ್ಷಿತವಲ್ಲ. ಕಲೆ ಬಿದ್ದಿದ್ದರೆ, ನನ್ನ ಬಲಗಣ್ಣಿನ ಹಾಗೆ, ಮಾಡಿ ಪ್ರಯೋಜನ ಕಡಿಮೆ. ಕಂಡುಹಿಡಿಯುವ ಮೂಲ ಉಪಾಯ ಮಾತ್ರ ಬಹಳ ಹಳೆಯದು. 1880ರಲ್ಲಿ ಪೋರ್ಚುಗಲ್‌ನ ಆಂಟೋನಿಯೊ ಪ್ಲಾಸಿಡೊ ಒಂದು ತಟ್ಟೆಯ ಮೇಲೆ ಕಪ್ಪು-ಬಿಳಿ ವರ್ತುಲ ಬರೆದು ಕಣ್ಣಿನ ಮುಂದೆ ಹಿಡಿದ. ಪ್ರತಿಬಿಂಬ ಗುಂಡಗಿದ್ದರೆ ಸರಿ, ಸೊಟ್ಟ ಇದ್ದರೆ ಕಾರ್ನಿಯಾ ಸೊಟ್ಟ. ಇವತ್ತಿನ ಹಲವು ಟೊಪೊಗ್ರಫಿ ಯಂತ್ರಗಳಲ್ಲೂ ಇರುವುದು ಆ ವರ್ತುಲಗಳೇ, ಲೆಕ್ಕ ಮಾಡೋಕೆ ಕಂಪ್ಯೂಟರ್ ಸೇರಿದೆ. ನೋಡುವ ಕಣ್ಣು ಬದಲಾದಂತೆ ಕಾಯಿಲೆಯ ಲೆಕ್ಕವೂ ಬದಲಾಯಿತು. 1986ರ ಅಮೆರಿಕದ ಒಂದು ಅಧ್ಯಯನ ಲಕ್ಷಕ್ಕೆ ಸುಮಾರು 54 ಜನ ಅಂದಿತ್ತು. 2017ರಲ್ಲಿ ನೆದರ್‌ಲ್ಯಾಂಡ್ಸ್‌ನ ಅಂದಾಜು 375ಕ್ಕೆ ಒಬ್ಬರು. ನಾಗಪುರದ ಹತ್ತಿರದ ಹಳ್ಳಿಗಳಲ್ಲಿ ಮಾಡಿದ ಅಧ್ಯಯನ, ಅದು ಹಾಕಿಕೊಂಡ ಸಡಿಲ ಅಳತೆಗೋಲಿನಲ್ಲಿ, ನೂರಕ್ಕೆ ಇಬ್ಬರಿಗಿಂತ ಹೆಚ್ಚು ಅಂತ ಹೇಳಿತು. ಬಿಸಿಲು, ಧೂಳು, ಅಲರ್ಜಿ, ದಿನವಿಡೀ ಕಣ್ಣುಜ್ಜುವ ಮಕ್ಕಳು; ನಮ್ಮ ಕಡೆ ಇದೆಲ್ಲ ಧಾರಾಳ. ಕಣ್ಣುಜ್ಜುವುದಕ್ಕೂ ಕೆರಟೊಕೋನಸ್‌ಗೂ ನಂಟಿದೆ ಅಂತ ವೈದ್ಯರು ಗಟ್ಟಿಯಾಗೇ ಹೇಳ್ತಾರೆ.

ನನ್ನ ತಮ್ಮನಿಗೆ ಈಗ ಹದಿನಾಲ್ಕು. ಅವನೂ ಉಜ್ಜುತ್ತಾನೆ, ಮುಷ್ಟಿ ಕಟ್ಟಿ, ಹಿಟ್ಟು ನಾದಿದ ಹಾಗೆ. ಈ ಕಾಯಿಲೆ ಮನೆತನದಲ್ಲಿ ಹರಿಯುವುದೂ ಉಂಟು. ಕಳೆದ ತಿಂಗಳು ಎಳೆದುಕೊಂಡು ಹೋಗಿ ಟೊಪೊಗ್ರಫಿ ಮಾಡಿಸಿದೆ. ಪರದೆ ಮೇಲೆ ಎಡಗಣ್ಣಿನ ನಕ್ಷೆ ಪೂರ್ತಿ ಹಸಿರು. ಬಲಗಣ್ಣಲ್ಲಿ ಕೆಳಗಡೆ ಸಾಸಿವೆಯಷ್ಟು ಕಿತ್ತಳೆ. "ಕಾಯಿಲೆ ಅನ್ನೋಕಾಗಲ್ಲ, ಅಲ್ಲ ಅನ್ನೋಕೂ ಆಗಲ್ಲ. ಅಲರ್ಜಿಗೆ ಹನಿ ಕೊಡ್ತೀನಿ, ಉಜ್ಜೋದು ನಿಲ್ಲಿಸಿ, ಆರು ತಿಂಗಳಿಗೆ ಮತ್ತೆ ಬನ್ನಿ" ಅಂದರು ಡಾಕ್ಟರ್. ವಾಪಸ್ ಬರುವಾಗ ಬಸ್ಸಲ್ಲಿ ಅವನು ಕಿಟಕಿ ಪಕ್ಕ ಕೂತು ಕೈ ಎರಡೂ ತೊಡೆ ಅಡಿಗೆ ಸೇರಿಸಿಕೊಂಡಿದ್ದ. ಯಾಕೋ ಅಂದೆ. "ಕೆರೀತಾ ಇದೆ ಕಣೋ ಅಣ್ಣ" ಅಂದ.